ಶೇಖರಣ್ಣನ ಮುಗಿಯದ ರೋಲು

ಮುಂಬಯಿ ಬಳಿಯ ಡೊಂಬಿವಲಿಯ ಫ್ಲ್ಯಾಟಿನಲ್ಲಿ ಒಬ್ಬರೇ ಇರುವ ಶೇಖರಣ್ಣ, ವಾಶಿಯ ಹೋಟೆಲಿನ ಗಲ್ಲಾ ಬಿಟ್ಟು ನಿವೃತ್ತರಾದ ಮೇಲೂ ಹಳೆಯ ರೋಲ್ ಕ್ಯಾಮೆರಾವನ್ನು ಕೊರಳಿನಿಂದ ಇಳಿಸಿದವರಲ್ಲ. ಒಂದು ರೋಲಿನ ಬೆಲೆಗೆ ತಿಂಗಳ ಹಾಲು ಬರುತ್ತದೆಂದು ಗೊಣಗುತ್ತಲೇ ಕೊಳ್ಳುತ್ತಾರೆ. ಲಿಫ್ಟಿನ ಬಳಿ ಸಿಕ್ಕವರನ್ನೆಲ್ಲ ಅಂಗಳಕ್ಕೆ ಕರೆದು, ಗದ್ದ ಎತ್ತಿಸಿ, ಮೋಡ ಸರಿಯುವ ತನಕ ಕಾಯಿಸಿ, ಉಸಿರು ಬಿಗಿಹಿಡಿದು ಒಂದೇ ಒಂದು ಸಲ ಗುಂಡಿ ಒತ್ತುತ್ತಾರೆ. ಆಮೇಲೆ ಜನ ಫೋಟೋ ಕೇಳಿಕೊಂಡು ಬಾಗಿಲು ತಟ್ಟತೊಡಗುತ್ತಾರೆ. "ನನ್ನ ಮೊಮ್ಮಗನ ಮದುವೆಗಾದ್ರೂ ಸಿಗ್ತದಾ ಮಾರಾಯ್ರೆ? ಮೊಬೈಲಲ್ಲಿ ತೆಗೀಬಾರ್ದಾ?" ಎಂದು ಎದುರುಮನೆಯ ಜಯಲತಕ್ಕ ಕೆಣಕುತ್ತಾರೆ. "ಮೊಬೈಲಾದ್ರೆ ನೀವು ಅಲ್ಲೇ ನೋಡಿ ಹೋಗ್ತೀರಿ ಅಕ್ಕ. ರೋಲು ಮುಗೀಲಿ, ಕೊಡುವ. ಕೂತ್ಕೊಳ್ಳಿ, ಚಾ ಇಡ್ತೇನೆ." ಇದೇ ಕಟ್ಟಡದಲ್ಲಿದ್ದು ದೂರದ ಸೀವುಡ್ಸಿಗೆ ಮನೆ ಬದಲಿಸಿದ ನಿಕಿತಾ ಕೂಡ ಠಾಣೆಯಲ್ಲಿ ರೈಲು ಬದಲಿಸಿ ಬಂದು, "ಅಂಕಲ್, ಮೇರಾ ಫೋಟೋ ಕಬ್ ದೋಗೇ?" ಎಂದು ತನ್ನ ಫೋಟೋ ಯಾವಾಗ ಕೊಡುತ್ತೀರೆಂದು ಜಗಳಾಡಿ, ಅದೇ ಉತ್ತರ ಕೇಳಿ, ಅದೇ ಚಾ ಕುಡಿದು ಹೋಗುತ್ತಾಳೆ. ಅವಳನ್ನು ಕಳಿಸಿ ಬಂದ ಶೇಖರಣ್ಣ ಲೋಟ ತೊಳೆದಿಟ್ಟು, ಕಪಾಟಿನ ಬಾಗಿಲನ್ನು ಒತ್ತಿ ಮುಚ್ಚುತ್ತಾರೆ. ಅದರೊಳಗೆ ವರ್ಷಗಳಿಂದ ಮುಗಿದ ರೋಲುಗಳು ಸ್ಟುಡಿಯೋ ಕಾಣದೆ ತುಂಬಿಕೊಂಡಿವೆ. ಹಿಂದೆ ಫೋಟೋ ತೊಳೆಸಿ ಕೊಟ್ಟಾಗ, ಪಡೆದವರು ಯಾರೂ ಮತ್ತೆ ಅವರ ಬಾಗಿಲು ತಟ್ಟಿದ್ದಿಲ್ಲ.