ಹದಿನೈದು ದಾಟಿದ ಕಾರು

ಅತ್ತೆ ನಮ್ಮ ಜೊತೆ ಇರಲು ಕೆನಡಾಕ್ಕೆ ಬಂದ ದಿನ, ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿದ್ದ ಹೆಂಗಸು, "ಇವರ ಸಾಮಾನು ಇನ್ನೇನಾದರೂ ಹಿಂದಿನಿಂದ ಬರುವುದಿದೆಯೇ?" ಎಂದು ಕೇಳಿದಳು. ಹುಬ್ಬಳ್ಳಿಯಿಂದ ಅವರನ್ನು ಕರೆತಂದಿದ್ದ ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅತ್ತೆ ತಮ್ಮ ಎರಡು ಪೆಟ್ಟಿಗೆಗಳ ಕಡೆ ನೋಡಿ, "ಏನೂ ಇಲ್ಲವ್ವಾ. ಬರೋದೆಲ್ಲಾ ಬಂತು," ಎಂದರು. ಆ ಹೆಂಗಸು ನಕ್ಕು ಮುದ್ರೆ ಒತ್ತಿದಳು. ಹೊರಗೆ ಬಂದಾಗ ಏಪ್ರಿಲ್ ತಿಂಗಳ ಸಣ್ಣ ಹಿಮ, ಬೀಳುತ್ತಿದೆಯೋ ಮೇಲೇರುತ್ತಿದೆಯೋ ತಿಳಿಯದ ಹಾಗೆ ಗಾಳಿಯಲ್ಲಿ ಅಲೆಯುತ್ತಿತ್ತು.

ಅತ್ತೆ ಹುಬ್ಬಳ್ಳಿಯಲ್ಲಿ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದವರು. ಸ್ವಂತ ಡ್ರೈವಿಂಗ್ ಸ್ಕೂಲು, ಒಂದೇ ಕಾರು. ತಿಳಿನೀಲಿ ಬಣ್ಣ, ದುಂಡನೆಯ ದೀಪಗಳು. ಬಲಗಡೆ ಸ್ಟೀರಿಂಗು, ಎಡಗಡೆ ಅತ್ತೆ ಕೂರುವ ಸೀಟಿನ ಮುಂದೆ ಅವರಿಗೆಂದೇ ಇನ್ನೊಂದು ಬ್ರೇಕು. ಟೀಚರಮ್ಮಂದಿರು, ನರ್ಸಮ್ಮಂದಿರು, ಹೊಸದಾಗಿ ಮದುವೆಯಾದವರು, ಎಷ್ಟೋ ಜನ ಅದರಲ್ಲಿ ಕಲಿತು ಹೋಗಿದ್ದರು. ಮೊಣಕಾಲು ನೋವು ಶುರುವಾದ ಮೇಲೆ ಸ್ಕೂಲು ಮುಚ್ಚಿ, ಕಾರನ್ನು ತಮ್ಮನ ಮನೆಯ ಅಂಗಳದಲ್ಲಿ ನಿಲ್ಲಿಸಿ ಬಂದಿದ್ದರು.

ವುಡ್‌ಬ್ರಿಡ್ಜಿನ ನಮ್ಮ ಮನೆಯಲ್ಲಿ ಎರಡು ವರ್ಷ ಕಳೆದಿತ್ತು. ಒಂದು ದಿನ ಆ ತಮ್ಮ ಫೋನು ಮಾಡಿದರು. ಅಂಗಳದಲ್ಲಿ ಮನೆ ಕಟ್ಟಿಸುತ್ತಿದ್ದೇನೆ, ಕಾರನ್ನು ಗುಜರಿಯವನು ಕೇಳುತ್ತಿದ್ದಾನೆ, ಕೊಟ್ಟುಬಿಡಲೇ ಎಂದು. ಅತ್ತೆ "ಹೇಳ್ತೀನಿ ತಡಿ," ಎಂದು ಫೋನಿಟ್ಟರು. ಅವತ್ತೆಲ್ಲ ಕಿಟಕಿಯ ಪಕ್ಕ ಕೂತಿದ್ದರು. ನಮ್ಮ ಬೀದಿಯ ಕಾರುಗಳು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಗ್ಯಾರೇಜು ಸೇರುತ್ತಿದ್ದವು. ಮರುದಿನ ಚಹಾ ಕುಡಿಯುತ್ತ ಮಗನಿಗೆ ಹೇಳಿದರು: "ಅದನ್ನ ಇಲ್ಲಿಗೇ ತರಸೋಣಲ್ಲೋ."

ನನ್ನ ಗಂಡ ನಕ್ಕುಬಿಟ್ಟ. "ಅವ್ವಾ, ಇಂಡಿಯಾದ ಗಾಡಿ ಇಲ್ಲಿ ಬಿಡಂಗಿಲ್ಲ. ಮಾಮಾ ಮೊನ್ನೆ ತಗೊಂಡ ಹೊಸಾ ಗಾಡೀನೂ ಬಿಡಂಗಿಲ್ಲ. ಇಲ್ಲಿ ಸೇಫ್ಟಿ ರೂಲ್ಸ್ ಬ್ಯಾರೆ." ಆದರೂ ತಾಯಿಯ ಮುಖ ನೋಡಿ, ಆಫೀಸಿನಿಂದ ಬರುವಾಗ ಕಸ್ಟಮ್ಸ್ ಏಜೆಂಟ್ ಒಬ್ಬರನ್ನು ವಿಚಾರಿಸಿಕೊಂಡು ಬಂದ. ಬಾಗಿಲಲ್ಲೇ ನಿಂತು, ಶೂ ಕೂಡ ಬಿಚ್ಚದೆ, ತಾನೇ ನಂಬದವನ ಹಾಗೆ ಹೇಳಿದ: ಹೊಸದಾದರೆ ಈ ದೇಶದ ಮಾನದಂಡಕ್ಕೆ ತಯಾರಾಗಿರಬೇಕು, ಇಲ್ಲವೆಂದರೆ ಒಳಗೆ ಬಿಡುವುದಿಲ್ಲ. ಆದರೆ ಗಾಡಿ ತಯಾರಾಗಿ ಹದಿನೈದು ವರ್ಷ ದಾಟಿದ್ದರೆ ಆ ನಿಯಮ ಅದಕ್ಕೆ ತಾಗುವುದಿಲ್ಲ. ಅವ್ವನ ಗಾಡಿ ಎಂದೋ ದಾಟಿದೆ.

"ಹೌದೇನ?" ಅತ್ತೆ ಕಪ್ಪು ಕೆಳಗಿಟ್ಟರು. "ಹಂಗಾದ್ರ ನಾನೂ ಹದಿನೈದ ದಾಟೇನಲ್ಲೋ. ಅದಕ್ಕ ಒಳಗ ಬಿಟ್ಟಾರ."

ಏಜೆಂಟು ಪಂಜಾಬಿನವರು, ಅತ್ತೆಯನ್ನು "ಆಂಟೀಜಿ" ಎಂದೇ ಕರೆದರು. ಅವರ ಹಿಂದಿ, ಅತ್ತೆಯ ಹುಬ್ಬಳ್ಳಿ ಹಿಂದಿ, ಎರಡೂ ಚೆನ್ನಾಗಿ ಹೊಂದಿಕೊಂಡವು. ಸುಂಕ ಕಟ್ಟಬೇಕು, ಅದರ ಮೇಲೆ ಕೇಂದ್ರದ ತೆರಿಗೆ, ಆಮೇಲೆ ನಂಬರ್ ಪ್ಲೇಟು ಮಾಡಿಸುವಾಗ ನಮ್ಮ ಪ್ರಾಂತ್ಯವಾದ ಒಂಟಾರಿಯೊದ ಪಾಲು ಎಂದು ಅವರು ವಿವರಿಸಿದರು. ವಲಸೆ ಬಂದ ದಿನವೇ "ಹಿಂದಿನಿಂದ ಒಂದು ಕಾರು ಬರಲಿದೆ" ಎಂದು ಹೇಳಿದ್ದರೆ ಸುಂಕ ಉಳಿಯುತ್ತಿತ್ತಂತೆ. ಅತ್ತೆ ನನ್ನ ಕಡೆ ನೋಡಿದರು. "ಅವತ್ತು ಎಲ್ಲಾ ಬಂತು ಅಂತನಽ ಅನಿಸಿತ್ತವಾ," ಎಂದರು ಮೆಲ್ಲಗೆ.

ಏಸಿ ಇದೆಯೇ ಎಂದೂ ಏಜೆಂಟು ಕೇಳಿದರು. ಏಸಿ ಇದ್ದರೆ ಅದಕ್ಕೇ ಬೇರೆ ತೆರಿಗೆ. "ಕಿಟಕಿ ಅದಾವ," ಎಂದರು ಅತ್ತೆ. ಕೊನೆಗೆ ಏಜೆಂಟು ಬೆರಳೆತ್ತಿ ಎಚ್ಚರಿಸಿದ್ದು ಮಣ್ಣಿನ ವಿಷಯ. ಗಾಡಿಗೆ ಒಂದು ಚೂರೂ ಹೊರದೇಶದ ಮಣ್ಣು ಅಂಟಿರಬಾರದು. ಚೆನ್ನಾಗಿ ತೊಳೆಸಿ ಕಳಿಸಲು ಹೇಳಿ, ಎಂದರು.

ಅತ್ತೆಯ ತಮ್ಮ ಎರಡು ಸಲ ತೊಳೆಸಿ ಫೋಟೋ ಕಳಿಸಿದರು. ಕಾರು ಮುಂಬೈಯಲ್ಲಿ ಕಂಟೇನರ್ ಹತ್ತಿತು. ಹಡಗು ಸಮುದ್ರದಲ್ಲಿದ್ದ ಆ ವಾರಗಳು ನನ್ನ ನೆನಪಿನಲ್ಲಿ ಮಂಜಿನಂತಿವೆ. ಅತ್ತೆ ಅಡಿಗೆ ಮಾಡುತ್ತಲೇ, "ಈಗ ಎಲ್ಲಿ ಬಂದಿರಬೇಕು?" ಎನ್ನುವರು. ನನಗೆ ಕನಸಿನಲ್ಲಿ ಆ ನೀಲಿ ಕಾರು ನೀರಿನ ಮೇಲೆ ತಾನೇ ಬರುತ್ತಿತ್ತು, ಅಲೆ ಬಂದಾಗ ಮೆಲ್ಲಗೆ ಹಾರನ್ ಮಾಡುತ್ತ. ಕಾರುಗಳಿಗೆ ಹೆದರುವ ನಾನು ಆ ಕನಸಿನಲ್ಲಿ ಮಾತ್ರ ಹೆದರಲಿಲ್ಲ. ಹನ್ನೊಂದು ವರ್ಷದಿಂದ ಈ ದೇಶದಲ್ಲಿದ್ದೂ ನಾನು ಬಸ್ಸು ಬದಲಿಸಿ ಬದಲಿಸಿ ಮೆಡೋವೇಲಿನ ಆಫೀಸಿಗೆ ಹೋಗುತ್ತಿದ್ದೆ. ದೊಡ್ಡ ರಸ್ತೆಗಳಲ್ಲಿ ಸಾಲುಸಾಲಾಗಿ ನುಗ್ಗುವ ಗಾಡಿಗಳನ್ನು ನೋಡಿದರೆ ಅಂಗೈ ಬೆವರುತ್ತಿತ್ತು.

ಕಂಟೇನರ್ ರೈಲಿನಲ್ಲಿ ಬಂದು ನಗರದಾಚೆಯ ದೊಡ್ಡ ಯಾರ್ಡು ಸೇರಿತು. ತಪಾಸಣೆಯ ದಿನ ನಾವೂ ಹೋದೆವು. ಪೆಟ್ಟಿಗೆ ಪೆಟ್ಟಿಗೆಗಳ ಬೆಟ್ಟದ ನಡುವೆ, ಬೂದಿ ಬಣ್ಣದ ಬೆಳಕಿನಲ್ಲಿ, ಬಾಗಿಲು ತೆರೆದಾಗ ಒಳಗಿನಿಂದ ಬೆಚ್ಚಗಿನ ರೆಕ್ಸಿನ್ ವಾಸನೆ ಬಂತು. ಅಧಿಕಾರಿ ಟಾರ್ಚು ಹಿಡಿದು ಕೆಳಗೆಲ್ಲ ಇಣುಕಿ ನೋಡಿ, ಹಿಂದಿನ ಮಡ್‌ಗಾರ್ಡಿನ ಒಳಮಗ್ಗುಲಲ್ಲಿ ಬೆರಳಿಟ್ಟ. ಗಟ್ಟಿಯಾಗಿ ಒಣಗಿದ ಕರಿಮಣ್ಣಿನ ಒಂದು ಹೆಂಟೆ.

"ಹೀಗೆ ಬಿಡಲಾಗುವುದಿಲ್ಲ. ಇಲ್ಲೇ ಹಬೆಯಲ್ಲಿ ತೊಳೆಯಬೇಕು, ಖರ್ಚು ನಿಮ್ಮದು. ಮಣ್ಣನ್ನು ನಾವು ನಾಶ ಮಾಡುತ್ತೇವೆ," ಎಂದ. ಒರಟಾಗಿ ಹೇಳಲಿಲ್ಲ.

ಅತ್ತೆ ಮೊಣಕಾಲು ಹಿಡಿದುಕೊಂಡು ಬಗ್ಗಿ ನೋಡಿದರು. "ಎರಿಮಣ್ಣು ಇದು. ಮಳಿಗಾಲದಾಗ ಒಬ್ಬಾಕಿ ಗಾಡಿ ಹೊಲಕ್ಕ ಇಳಸಿದ್ಳು. ಎತ್ತು ಕಟ್ಟಿ ಎಳಸಿದ್ವಿ." ಅಧಿಕಾರಿಗೆ ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಟಾರ್ಚು ಆರಿಸದೆ, ಅತ್ತೆ ನೋಡಿ ಮುಗಿಸುವ ತನಕ ಹಾಗೇ ಹಿಡಿದು ನಿಂತ. ನಾನೂ ಅವರ ಪಕ್ಕ ಬಗ್ಗಿ ನೋಡಿದೆ, ಯಾಕೆಂದು ಗೊತ್ತಿಲ್ಲ. ಅದು ನನ್ನ ಊರಿನ ಮಣ್ಣೂ ಅಲ್ಲ, ನಾನು ಮೈಸೂರಿನವಳು.

ಆಮೇಲಿನದು ನಿಧಾನದ ಕೆಲಸ. ಮೆಕ್ಯಾನಿಕ್ ಹತ್ತಿರ ಸೇಫ್ಟಿ ಪ್ರಮಾಣಪತ್ರ, ಹೊಸ ಟೈರು, ಬಲಗಡೆ ಸ್ಟೀರಿಂಗಿನ ಹಳೆ ಗಾಡಿಗೆ ವಿಮೆ ಕೊಡುವವರನ್ನು ಹುಡುಕುವುದು. ಈ ನಡುವೆ ಅತ್ತೆ ತಾವೇ ಪರೀಕ್ಷೆ ಬರೆದು, ಮಗನ ಆಟೋಮ್ಯಾಟಿಕ್ ಕಾರಿನಲ್ಲಿ ರೋಡ್ ಟೆಸ್ಟ್ ಕೊಟ್ಟು ಇಲ್ಲಿಯ ಪೂರ್ತಿ ಲೈಸೆನ್ಸ್ ತೆಗೆದುಕೊಂಡರು. "ಗೇರ ಇಲ್ಲ, ಏನಿಲ್ಲ. ಇದೇನ ಓಡಸೂದವಾ, ಕುಂತ ಬರೂದು," ಎಂದು ಮುಖ ಸಿಂಡರಿಸಿದರು.

ಪ್ಲೇಟು ಬಂದ ದಿನ ನಾನು ಅವರ ಪಕ್ಕ ಎಡಗಡೆ ಕೂತೆ. ಈ ದೇಶದಲ್ಲಿ ಡ್ರೈವರ್ ಕೂರುವ ಕಡೆ. ನನ್ನ ಮುಂದೆ ಸ್ಟೀರಿಂಗಿಲ್ಲ, ಕೈಗಳು ಮಡಿಲಲ್ಲಿ, ರಸ್ತೆ ಮಾತ್ರ ನನ್ನ ಕಡೆಗೇ ಹರಿದು ಬರುತ್ತಿದೆ. ಎದುರಿನವರು ನನ್ನ ಖಾಲಿ ಕೈ ನೋಡಿ ಬೆರಗಾಗುತ್ತಿದ್ದರು. ಹಿಂದಿನ ಸೀಟಿನಿಂದ ಮಗಳು, "ಅಜ್ಜಿ, ದಿಸ್ ಈಸ್ ಸೋ ವಿಯರ್ಡ್!" ಎಂದು ಕಿರುಚುತ್ತಿದ್ದಳು. ಗಾಡಿಯಿಂದ ಇಳಿಯದೆ ಕೊಳ್ಳುವ ಡ್ರೈವ್-ಥ್ರೂನಲ್ಲಿ ಅಂಗಡಿಯ ಕಿಟಕಿ ನನ್ನ ಕಡೆಗೇ ಬಂತು, ಕಾಫಿ ನಾನೇ ಕೈಚಾಚಿ ತೆಗೆದುಕೊಂಡೆ. ನಿದ್ದೆಯಲ್ಲಿ ತೇಲುತ್ತಿರುವ ಹಾಗಿತ್ತು.

ಮರುವಾರ ಅತ್ತೆ ಕೀಲಿಕೈ ನನ್ನ ಮುಂದೆ ಹಿಡಿದರು. "ನಡಿ, ಕಲಸ್ತೀನಿ."

"ಬೇಡ ಅತ್ತೆ, ನನ್ ಕೈಲಾಗಲ್ಲ."

"ಎಲ್ಲಾರೂ ಹಿಂಗಽ ಅಂತಿದ್ರು. ಏಳು."

ಕಲಿಯುವ ಲೈಸೆನ್ಸಿನ ಬರೆಯುವ ಪರೀಕ್ಷೆ ನಾನು ಹಿಂದೆಯೇ ಮುಗಿಸಿದ್ದೆ, ಗಾಡಿ ಮಾತ್ರ ಮುಟ್ಟಿರಲಿಲ್ಲ. ಭಾನುವಾರ ಬೆಳಗ್ಗೆ ಅಲ್ಲಲ್ಲಿ ಮೇಪಲ್ ಎಲೆ ಬಿಟ್ಟರೆ ಏನೂ ಇಲ್ಲದ ನಮ್ಮ ಆಫೀಸಿನ ಪಾರ್ಕಿಂಗಿಗೆ ಹೋದೆವು. ಈ ಸಲ ನಾನು ಬಲಗಡೆ, ಅತ್ತೆ ತಮ್ಮ ಹಳೆಯ ಜಾಗದಲ್ಲಿ. ಗಾಡಿ ಕುಣಿದು ಕುಣಿದು ಆರಿಹೋಗುತ್ತಿತ್ತು.

"ಕ್ಲಚ್ಚ ಒಮ್ಮೆಲೆ ಬಿಡಬ್ಯಾಡ. ನಿದ್ದಿ ಹತ್ತಿದ ಕೂಸಿನ ಮುಷ್ಟಿಯೊಳಗಿಂದ ಬೆರಳ ಬಿಡಿಸ್ಕೋತೀವಲ್ಲ, ಹಂಗ."

ಹಾಗೆಯೇ ಬಿಟ್ಟೆ. ಕಾರು ಮುಂದೆ ಸರಿಯಿತು. ದೀಪದ ಕಂಬವೊಂದು ಹತ್ತಿರ ಬಂತು. ನಾನು "ಅತ್ತೆ, ಬ್ರೇಕು!" ಎಂದು ಕೂಗಿದೆ. ಅವರು ಎರಡೂ ಕಾಲು ಸೀಟಿನ ಕಡೆಗೆ ಎಳೆದುಕೊಂಡು ಸುಮ್ಮನೆ ಕೂತರು. "ನಿನ್ ಕಡೀನೂ ಒಂದೈತಿ," ಎಂದರಷ್ಟೆ. ಹೇಗೆ ಒತ್ತಿದೆನೋ, ಕಂಬಕ್ಕೆ ಒಂದು ಮೊಳ ಇರುವಾಗ ಕಾರು ನಿಂತಿತು. ಎಲೆಗಳು ಬಾನೆಟ್ಟಿನ ಮೇಲೆ ಬೀಳುತ್ತಿದ್ದವು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ.

ಆ ಚಳಿಗಾಲವೆಲ್ಲ, ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ತಾಗಿ ತುಕ್ಕು ಹಿಡಿದೀತೆಂದು ಕಾರು ಗ್ಯಾರೇಜಿನಲ್ಲೇ ಮಲಗಿತ್ತು. ನಾನು ಗಂಡನ ಗಾಡಿಯಲ್ಲಿ ಅಭ್ಯಾಸ ಮುಂದುವರಿಸಿ, ವಸಂತದಲ್ಲಿ ಲೈಸೆನ್ಸ್ ಪಡೆದೆ. ಜೂನ್ ತಿಂಗಳ ಒಂದು ಶನಿವಾರ ಅತ್ತೆಯನ್ನು ಆ ನೀಲಿ ಕಾರಿನಲ್ಲೇ ಯೂನಿಯನ್‌ವಿಲ್‌ನ ಕೊಳ ತೋರಿಸಲು ಕರೆದುಕೊಂಡು ಹೋದೆ. ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದೆ. ಕಿಟಕಿಯಿಂದ ಕತ್ತರಿಸಿದ ಹುಲ್ಲಿನ ವಾಸನೆ ಬರುತ್ತಿತ್ತು. ಮೊದಮೊದಲು ಅತ್ತೆ, "ಮೂರನೇದ್ದಕ್ಕ ಹಾಕು," "ಕನ್ನಡಿ ನೋಡು," ಎನ್ನುತ್ತಿದ್ದರು. ಆಮೇಲೆ ದನಿ ನಿಂತಿತು. ತಿರುಗಿ ನೋಡಿದರೆ, ತಲೆಯನ್ನು ಕಾರಿನ ಬಾಗಿಲಿಗೆ ಒರಗಿಸಿ ನಿದ್ದೆ ಹೋಗಿದ್ದರು. ನಾನು ಎಬ್ಬಿಸದೆ, ಕೊಳದ ಹತ್ತಿರ ತಿರುಗಿಸಿ, ಇನ್ನೊಂದು ಸುತ್ತು ಹೊರಟೆ.