ಬೆಕ್ಕಿಗೂ ಬಹುವಚನ

ಸೋಲೋ ಊರಿನ ನಮ್ಮ ಬಾಟಿಕ್ ಗಲ್ಲಿಯಲ್ಲಿ ವುರ್ಯಾನಿಯಷ್ಟು ಮರ್ಯಾದಸ್ಥ ಹೆಂಗಸು ಇನ್ನೊಬ್ಬಳಿಲ್ಲ. ಜಾವಾದ ಮಾತಿನಲ್ಲಿ ದೊಡ್ಡವರಿಗೊಂದು ನುಡಿ, ಸಲುಗೆಯವರಿಗೊಂದು ನುಡಿ. ಅವಳ ನಾಲಿಗೆಗೆ ಹತ್ತಿದ್ದು ಮೊದಲನೆಯದೊಂದೇ. ಗಂಡನ ಜೊತೆ ಮೂವತ್ತೆಂಟು ವರ್ಷ ಬಹುವಚನದಲ್ಲೇ ಸಂಸಾರ ಮಾಡಿದಳು. ಮನೆ ಬೆಕ್ಕಿಗೂ ‘ದಯಮಾಡಿಸಿ’ ಅನ್ನುತ್ತಾಳೆಂದು ಗಲ್ಲಿಯವರು ಆಡಿಕೊಳ್ಳುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಅವಳ ಆ ಮಾತೂ ನಿಂತಿತು. ಬಾಗಿಲು ಮುಂದೆ ಮಾಡಿಕೊಂಡು ಎಂಟು ತಿಂಗಳು ಒಳಗೇ ಕೂತಳು. ಎದೆ ಭಾರ ಅಂದಾಗ ಪಕ್ಕದ ಮನೆಯ ತುಕಿನೆಮ್ ಡಾಕ್ಟರಮ್ಮನ ಹತ್ತಿರ ಎಳೆದೊಯ್ದಳು. ಹೃದಯ ಗಟ್ಟಿಯಾಗಿದೆ, ಮನಸ್ಸು ಕುಗ್ಗಿದೆ, ನಾಲ್ಕು ಜನರ ಜೊತೆ ದಿನಾ ಮೈ ಆಡಿಸಿ ಎಂದರು ಅವರು. ವುರ್ಯಾನಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ತುಕಿನೆಮ್ ಹಾಕಿಕೊಂಡಳು. ಸಂಜೆ ಸೋಯಾಕಾಳಿನ ತೆಂಪೆ ಕರಿದು ಮಾರುವ ಈಕೆಯ ಬಾಯಿ ಇಡೀ ಗಲ್ಲಿಗೆ ಕೇಳುವಂಥದ್ದು. ಮಾರನೆಯ ಬೆಳಿಗ್ಗೆ ಆರಕ್ಕೇ ಬಂದು ಬಾಗಿಲು ತಟ್ಟಿದಳು.

“ಬರ್ತೀರೋ ಅಮ್ಮಾವ್ರೇ, ಇಲ್ಲ ಹೊತ್ಕೊಂಡು ಹೋಗ್ಲೋ?”

ಬ್ಯಾಡ್ಮಿಂಟನ್ ಅಂಗಳದಲ್ಲಿ ವ್ಯಾಯಾಮಕ್ಕೆ ನಿಂತ ಮೂವತ್ತು ಹೆಂಗಸರು, ಒಂದು ಹಾಡಿನ ಪೆಟ್ಟಿಗೆ, ಒಂದರಿಂದ ಎಂಟರ ತನಕ ಒಕ್ಕೊರಲಿನ ಎಣಿಕೆ. ಮೊದಲ ವಾರ ವುರ್ಯಾನಿ ಹಿಂದಿನ ಸಾಲಿನಲ್ಲಿ ನಿಂತು ಬೆರಳಷ್ಟೇ ಅಲ್ಲಾಡಿಸಿದಳು. ಆಮೇಲೆ ಕೈ ಎದ್ದಿತು. ತಿಂಗಳಾಗುವಷ್ಟರಲ್ಲಿ ನಿದ್ದೆ ಬಂತು, ಅನ್ನ ರುಚಿಸಿತು. ನಗು ಮಾತ್ರ ಬರಲಿಲ್ಲ.

ಆಗಸ್ಟಿನ ಸ್ವಾತಂತ್ರ್ಯದ ಹಬ್ಬಕ್ಕೆ ಗಲ್ಲಿಯವರೇ ಬೀದಿಯಲ್ಲಿ ಕೆತೊಪ್ರಾಕ್ ಆಡುವುದು ವಾಡಿಕೆ. ಈ ನಾಟಕಕ್ಕೆ ಬರೆದಿಟ್ಟ ಮಾತಿಲ್ಲ. ಆಡಿಸುವ ದರ್ಜಿ ಗಿಯಾರ್ತೊ ಕಥೆ ಹೇಳಿಬಿಡುತ್ತಾನೆ, ಮಾತು ಅವರವರದೇ. ಅಂಗಳದಲ್ಲಿ ನೆಟ್ಟಗೆ ನಿಲ್ಲುವ ವುರ್ಯಾನಿಯನ್ನು ಕಂಡು ಅವಳನ್ನೇ ರಾಣಿ ಮಾಡಿದ. ದಾಸಿ ತುಕಿನೆಮ್. ಆದರೆ ತಾಲೀಮಿನುದ್ದಕ್ಕೂ ರಾಣಿಯ ಬಾಯಲ್ಲಿ ದಾಸಿಗೆ ಏಕವಚನ ಹೊರಡಲೇ ಇಲ್ಲ. ಹಬ್ಬದ ಹಿಂದಿನ ದಿನ ಅವಳು ತುಕಿನೆಮ್‌ಗೆ ಹೇಳಿಯೇಬಿಟ್ಟಳು: “ನಾಳೆ ಜನರ ಮುಂದೆ ತಪ್ಪಿದರೆ ನಾನು ಮತ್ತೆ ಹೊಸಿಲು ದಾಟೋದಿಲ್ಲ. ವ್ಯಾಯಾಮಕ್ಕೂ ಕರೀಬೇಡಿ.” ಆಡಿದಂತೆ ಮಾಡುವ ಹೆಂಗಸು ಅವಳು.

ಹಬ್ಬದ ಮಧ್ಯಾಹ್ನ ಬೀದಿಗೆ ಬೀದಿಯೇ ಚಾಪೆ ಹಾಸಿ ಕೂತಿತ್ತು. ಬೆತ್ತದ ಕುರ್ಚಿಯೇ ಸಿಂಹಾಸನ. ದಾಸಿ ತಡವಾಗಿ ಬರುತ್ತಾಳೆ, ರಾಣಿ ಗದರಬೇಕು. ವುರ್ಯಾನಿ ಬಾಯಿ ತೆರೆದಳು.

“ತಾವು ಎಲ್ಲಿಗೆ ಹೋಗಿದ್ರಿ?”

ಜನ ಗೊಳ್ಳೆಂದರು. ಅವಳ ಕಣ್ಣು ತನ್ನ ಮನೆ ಬಾಗಿಲು ಹುಡುಕಿತು. ಆದರೆ ತುಕಿನೆಮ್ ಜನರ ಕಡೆ ತಿರುಗಿ ನಿಂತಿದ್ದಳು.

“ಕೇಳಿಸ್ಕೊಂಡ್ರಾ? ನನಗೆ ತಾವು ಅಂತೆ. ಹಾಗಾದ್ರೆ ರಾಣಿ ನಾನೇ. ಜರುಗೇ ಆ ಕಡೆ.” ಅಂದವಳೇ ಸೊಂಟದಲ್ಲಿ ತಳ್ಳಿ ಸಿಂಹಾಸನದ ಮೇಲೆ ಕೂತುಬಿಟ್ಟಳು.

ವುರ್ಯಾನಿಗೆ ನಾಚಿಕೆ ಹೋಗಿ ಸಿಟ್ಟು ಬಂತು. ಹೇಳದೆ ಕೇಳದೆ ಹೋಗಿಬಿಟ್ಟ ಗಂಡನ ಮೇಲಿನ ಸಿಟ್ಟೂ ಅದರ ಜೊತೆಗೇ ಬಂತು. ಬೆಳಗಿನ ಅಭ್ಯಾಸದಂತೆ ಉಸಿರೆಳೆದುಕೊಂಡು ಕೈ ಎತ್ತಿದಳು.

“ಏಳೇ, ಕೊಬ್ಬಿದವಳೇ. ಎಂಟು ಎಣಿಸೋದ್ರೊಳಗೆ ಏಳದಿದ್ರೆ ನೋಡು. ಒಂದು...”

‘ಎರಡು’ ಅಂದದ್ದು ಚಾಪೆಯ ಮೇಲಿದ್ದ ಹೆಂಗಸರೆಲ್ಲ. ಮೂರಕ್ಕೆ ಎಲ್ಲರ ಕೈಗಳು ಮೇಲೆದ್ದವು, ಐದಕ್ಕೆ ಗಂಡಸರೂ ಸೇರಿಕೊಂಡರು. ಎಂಟಕ್ಕೆ ತುಕಿನೆಮ್ ಕುರ್ಚಿಯಿಂದ ಹಾರಿ ರಾಣಿಯ ಕಾಲಿಗೆ ಬಿದ್ದಳು. ವುರ್ಯಾನಿ ನಕ್ಕಳು, ಬಳಿದ ಬಣ್ಣವೆಲ್ಲ ಕಣ್ಣೀರಿಗೆ ಇಳಿಯುವಷ್ಟು ನಕ್ಕಳು. ಎದೆ ಹಗುರಾಯಿತು, ನಿಜವಾಗಿಯೂ.

ಮಾರನೆಯ ಬೆಳಿಗ್ಗೆ ಆರಕ್ಕೆ, ಹೊಸಿಲಲ್ಲಿ ಮಲಗಿದ್ದ ಬೆಕ್ಕಿಗೆ ‘ಸ್ವಲ್ಪ ಜರುಗಿ’ ಎಂದು ಹೇಳಿ ದಾಟಿದ ವುರ್ಯಾನಿ ಪಕ್ಕದ ಮನೆಯ ಬಾಗಿಲು ತಟ್ಟಿದಳು. ತುಕಿನೆಮ್ ಇನ್ನೂ ಎದ್ದಿರಲಿಲ್ಲ.

“ಬರ್ತೀಯೇನೇ, ಇಲ್ಲ ಹೊತ್ಕೊಂಡು ಹೋಗ್ಲೋ?”