ಎರಡು ಕೆಂಪು ಜೊಲ್ಲುಬಟ್ಟೆ

ಆಂಟಿಯ ಹಲ್ಲುಗಳ ನಡುವೆ ಸದಾ ಒಂದು ತುಂಡು ಕೆಂಪು ದಾರ ಸಿಕ್ಕಿಕೊಂಡಿರುತ್ತಿತ್ತು. ಹೊಲಿಯುವಾಗ ಕತ್ತರಿ ಮುಟ್ಟದೆ ಹಲ್ಲಿನಲ್ಲೇ ದಾರ ಕಡಿಯುವ ಅಭ್ಯಾಸ. ಹೇಳಿದರೆ, "ಇರ್ಲಿ ಬಿಡವಾ, ಈ ವಯಸ್ಸಿನಾಗ ಯಾರು ನನ್ನ ನೋಡ್ಲಿಕ್ಕೆ ಬರ್ತಾರ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಟೆಕ್ಸಸ್‌ನ ರೌಂಡ್ ರಾಕ್‌ನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಮರದ ಬೇಲಿ, ಅಷ್ಟೇ. ಧಾರವಾಡದವರು. ಮದುವೆಯಾದ ಹೊಸತರಲ್ಲಿ ಅಂಕಲ್‌ಗೆ ಜಪಾನಿನ ಒಂದು ಬೆಟ್ಟದೂರಿನ ಹತ್ತಿರ ಕೆಲಸ ಸಿಕ್ಕಿ ಕೆಲವು ವರ್ಷ ಅಲ್ಲಿದ್ದರಂತೆ. ಆಮೇಲೆ ಟೆಕ್ಸಸ್‌ಗೆ ಬಂದು ತಲೆ ನರೆತರೂ ಆಂಟಿಯ ವರ್ಷ ಉರುಳುತ್ತಿದ್ದುದು ಆ ಊರಿನ ಲೆಕ್ಕದಲ್ಲೇ. ನಾವು ಆಗಸ್ಟ್ ಬಿಸಿಲಿನಲ್ಲಿ ಕಾರಿನ ಸ್ಟಿಯರಿಂಗ್ ಮುಟ್ಟಲಾರದೆ ಒದ್ದಾಡುತ್ತಿದ್ದರೆ, "ಈಗ ಅಲ್ಲೆ ಹೊಳಿಯಾಗ ದೀಪಾ ಬಿಡೋ ಹಬ್ಬ, ಸತ್ತವರು ಮನಿಗೆ ಬಂದು ಹೋಗ್ತಾರ" ಎನ್ನುವರು. ಚಳಿ ಬಿದ್ದರೆ ಗುಡ್ಡದ ಮೇಲಿನ ಹಳೆ ಕೋಟೆಯ ಮಾತು. ಕೋಟೆ ಅಂದರೆ ಬರೀ ಕಲ್ಲುಗೋಡೆ ಉಳಿದಿದೆ, ಅದರ ಮುಂದೆ ಹುಲ್ಲಿನ ಮೆದೆಗೆ ಬೆಂಕಿ ಇಟ್ಟು ಊರೆಲ್ಲ ಸುತ್ತ ನಿಲ್ಲುತ್ತದಂತೆ. ಚೆರ್ರಿ ಹೂ ಬಿಟ್ಟಾಗ ಜಲಪಾತದ ದಾರಿಯಲ್ಲಿ ಬುತ್ತಿ ಬಿಚ್ಚಿ ಕೂರುವುದಂತೆ. ನನಗೆ ಇದೆಲ್ಲ ಹಳೇ ಪ್ರವಾಸದ ಹುಚ್ಚು ಎನಿಸಿತ್ತು. ಕೆಂಪು ದಾರದ ವಿಷಯ ಗೊತ್ತಾದದ್ದು ನನ್ನ ಮಗು ಹೋದ ಮೇಲೆ.

ಏಳನೇ ತಿಂಗಳಲ್ಲಿ, ಹೊಟ್ಟೆಯಲ್ಲೇ ಹೋಯಿತು. ಗೆಳೆಯರೆಲ್ಲ ಬಂದರು, ಬಿಸಿಬೇಳೆಬಾತ್ ಡಬ್ಬಿ ಇಟ್ಟರು, "ವಯಸ್ಸಿದೆ, ಮುಂದೆ ಆಗತ್ತೆ ಬಿಡಿ" ಎಂದರು, ಟ್ರಾಫಿಕ್ ಶುರುವಾಗುವ ಮುಂಚೆ ಹೊರಟರು. ಆ ಡಬ್ಬಿಗಳನ್ನು ಬೇಲಿಯಾಚೆ ಎಸೆಯಬೇಕು ಅನ್ನುವಷ್ಟು ಸಿಟ್ಟು ಬಂದಿತ್ತು. ಆಂಟಿ ಬರಿಗೈಯಲ್ಲಿ ಬಂದು ಪಕ್ಕದಲ್ಲಿ ಕೂತು ಕೇಳಿದರು: "ಏನು ಹೆಸರಿಟ್ಟಿದ್ದಿ, ತಂಗಿ?"

ಅದುವರೆಗೆ ಯಾರೂ ಕೇಳಿರಲಿಲ್ಲ. ಹೇಳಿದೆ. ಆ ಹೆಸರನ್ನು ಅವರು ಜೋರಾಗಿ ಒಮ್ಮೆ ಕರೆದರು, ಒಳಗಿನ ಕೋಣೆಯಲ್ಲಿರುವ ಮಗುವನ್ನು ಕರೆಯುವ ಹಾಗೆ. ಆಮೇಲೆ ತಮ್ಮ ಮಗನ ವಿಷಯ ತೆಗೆದರು. ಆ ಬೆಟ್ಟದೂರಿನಲ್ಲೇ ಹುಟ್ಟಿ, ತೆವಳುವ ಮೊದಲೇ ಜ್ವರ ಬಂದು ಹೋದವನು. ಜಲಪಾತದ ಕೆಳಗೆ ಹೊಳೆದಡದಲ್ಲಿ ಒಂದು ಮೊಳದ ಜಿಜೋ ಇದೆ ಎಂದರು. ಜಿಜೋ ಎಂದರೆ ಸತ್ತ ಮಕ್ಕಳನ್ನು ಕಾಯುವ, ಬೋಳುತಲೆಯ ಕಲ್ಲಿನ ದೇವರು. ಅವನ ಕೊರಳಿಗೆ ಕೆಂಪು ಜೊಲ್ಲುಬಟ್ಟೆ ಕಟ್ಟಿದರೆ ಅದು ನಮ್ಮ ಮಗುವಿಗೆ ಮುಟ್ಟುತ್ತದೆಂದು ಅಲ್ಲಿನ ತಾಯಂದಿರ ನಂಬಿಕೆ. ಆಂಟಿ ವರ್ಷಕ್ಕೊಂದು ಹೊಲಿದು ಪೋಸ್ಟ್ ಮಾಡುವರು, ಅಲ್ಲಿನ ಹಳೆಯ ಗೆಳತಿಯೊಬ್ಬಳು ಕಟ್ಟುವಳು.

"ಈ ವರ್ಷದಿಂದ ಎರಡು ಹೊಲೀತೀನಿ," ಎಂದರು. ಹೊಲಿದರು ಕೂಡ. ನಾನು ಮತ್ತೆ ಅನ್ನ ಬಾಯಿಗಿಟ್ಟದ್ದು ಆ ಪುಟ್ಟ ಬಟ್ಟೆ ನೋಡಿದ ಮೇಲೆ.

ಕೆಲವು ವರ್ಷಗಳ ನಂತರ ಆ ಗೆಳತಿ ತೀರಿಕೊಂಡಳು. ಪಾರ್ಸೆಲ್ ವಾಪಸ್ ಬಂತು. ಅದೇ ಹೊತ್ತಿಗೆ ಆಂಟಿಗೆ ಕ್ಯಾನ್ಸರ್. ಹೂಸ್ಟನ್ ಆಸ್ಪತ್ರೆಗೆ ಓಡಾಡಿದ್ದಷ್ಟೇ ಬಂತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು ಡಾಕ್ಟರು. ಆಂಟಿ ನನ್ನ ಮುಂಗೈ ಹಿಡಿದುಕೊಂಡರು, ಉಗುರು ನೆಟ್ಟವು. "ನೀ ಹೋಗಿ ಬಾ. ಅಂವಗ ಬಟ್ಟಿ ಮುಟ್ಟಬೇಕು. ಬರೇ ಮೈಲೆ ಬಿಟ್ಟು ನಾ ಹ್ಯಾಂಗ ಸಾಯ್ಲಿ?"

ರಜೆ ಹಾಕಿ, ವಾಪಸ್ ಬಂದಿದ್ದ ಎರಡೂ ಬಟ್ಟೆ ಹಿಡಿದು ಹೊರಟೆ. ದೀಪದ ಹಬ್ಬದ ದಿನವೇ ಊರು ಮುಟ್ಟಿದೆ. ಕೋಟೆಯ ಗೋಡೆ ಇತ್ತು, ಜಲಪಾತ ಇತ್ತು. ಜಿಜೋ ಇರಲಿಲ್ಲ. ಹಿಂದಿನ ವರ್ಷ ನೆರೆ ಬಂದು ದಡದ ಸಮೇತ ಕೊಚ್ಚಿಹೋಗಿ, ಅಲ್ಲೊಂದು ಕಾಂಕ್ರೀಟ್ ಗೋಡೆ ಎದ್ದಿತ್ತು. ಕಾಗದದ ದೀಪ ಹಂಚುತ್ತಿದ್ದ ಮುದುಕರು ಫೋನಿನ ಅನುವಾದದಲ್ಲಿ ಮತ್ತೆ ಮತ್ತೆ ತಿಳಿಸಿ ಹೇಳಿದರೂ ನಾನು ಒಪ್ಪಲಿಲ್ಲ. ಹೊಳೆಗಿಳಿದು ಹುಡುಕಿದೆ. ನೀರಿನೊಳಗಿನ ದುಂಡು ಕಲ್ಲೆಲ್ಲ ಬೋಳುತಲೆಯಾಗಿ ಕಂಡು, ಒಂದೊಂದನ್ನೂ ಹೊರಳಿಸಿದೆ. ಯಾವುದಕ್ಕೂ ಮುಖವಿರಲಿಲ್ಲ.

ಸಂಜೆಯಾಗಿತ್ತು, ರೌಂಡ್ ರಾಕ್‌ನಲ್ಲಿ ಆಗಷ್ಟೇ ಬೆಳಗಾಗುತ್ತಿತ್ತು. ಫೋನ್ ಮಾಡಿದೆ. ಅಂಕಲ್ ಫೋನನ್ನು ಆಂಟಿಯ ಕಿವಿಗೆ ಹಿಡಿದರು.

"ಆಂಟಿ, ಜಿಜೋ ಇಲ್ಲ. ನೆರೇಲಿ ಹೋಗ್ಬಿಟ್ಟಿದೆ. ಎಲ್ಲಾ ಕಡೆ ಹುಡುಕ್ದೆ."

"ಹಂಗಾದ್ರ ಅಂವ ನೀರಾಗ ಒಬ್ಬನ ಅದಾನೇನು?"

ನೀರಿನಲ್ಲಿ ನಿಂತೇ ಬಿಕ್ಕಿ ಬಿಕ್ಕಿ ಅಳತೊಡಗಿದೆ.

"ಅಳಬ್ಯಾಡ, ಕೇಳಿಲ್ಲೆ. ಎರಡೂ ಬಟ್ಟಿ ಲಾಡಿ ಕೂಡಿಸಿ ಗಂಟು ಹಾಕು. ದೀಪದಾಗ ಇಟ್ಟು ಬಿಟ್ಟುಬಿಡು. ನಿನ್ನ ಕೂಸು ಸಣ್ಣದು, ನನ್ನಾಂವ ಕೈ ಹಿಡಕೋತಾನ."

ಹಾಕಿದೆ. ಬಟ್ಟೆ ಒದ್ದೆಯಾಗಿತ್ತು.

"ಗಂಟು ಗಟ್ಟಿ ಅದ ಇಲ್ಲೋ?"

"ಗಟ್ಟಿ ಇದೆ, ಆಂಟಿ."

ಆ ಮುದುಕರು ಕೊಟ್ಟ ದೀಪದಲ್ಲಿ ಇಟ್ಟು ಬಿಟ್ಟೆ. ಉಳಿದವರ ದೀಪಗಳ ಜೊತೆ ಅದೂ ಹೊಳೆಯ ತಿರುವು ದಾಟಿ ಹೋಯಿತು. ವಾಪಸು ಬರುವಾಗ ಡಲ್ಲಾಸ್‌ನಲ್ಲಿ ವಿಮಾನ ಬದಲಿಸುತ್ತಿದ್ದೆ, ಅಂಕಲ್ ಮೆಸೇಜ್ ಬಂತು. ಆಂಟಿ ಹೋಗಿಬಿಟ್ಟಿದ್ದರು.

ನನ್ನ ಮಗುವನ್ನು ಹೆಸರು ಹಿಡಿದು ಕರೆದದ್ದು ಅವರೊಬ್ಬರೇ. ಅವರಿಗೆ ನಾನು ಹೇಳಿದ ಕೊನೆಯ ಮಾತು "ಗಟ್ಟಿ ಇದೆ" ಅಂತ. ಈಗಲೂ ಆಗಾಗ ಅಂಥದೇ ಎರಡು ಬಟ್ಟೆ ಹೊಲಿದು, ಅಡಿಗೆಮನೆಯ ಸಿಂಕಿನಲ್ಲಿ ಒದ್ದೆ ಮಾಡಿ, ಲಾಡಿ ಕೂಡಿಸಿ ಗಂಟು ಹಾಕಿ ನಲ್ಲಿ ಬಿಟ್ಟು ನೋಡುತ್ತೇನೆ. ಗಂಟು ಬಹಳ ಸಲ ನಿಲ್ಲುತ್ತದೆ. ಒಂದೊಂದು ಸಲ ಬಿಚ್ಚಿಕೊಳ್ಳುತ್ತದೆ.